ಕಣ್ಣಿನ ಕಪ್ಪಿಗಾಗಿ ಬೆಟ್ಟ ಕೊರೆದವರು

ಇದು ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಕೇಳೋಕೆ ಆಗದವರು ಓದಿಕೊಳ್ಳಬಹುದು.

 

ಗಣಿ ಅಂದ ತಕ್ಷಣ ನಮ್ಮ ತಲೆಗೆ ಬರೋದೇನು? ಕೋಲಾರದ ಚಿನ್ನ, ಬಳ್ಳಾರಿಯ ಕೆಂಪು ಧೂಳು, ಸಾಲುಸಾಲು ಲಾರಿ. ಕೆಜಿಎಫ್ ಸಿನಿಮಾ ಬಂದ ಮೇಲಂತೂ ಗಣಿ ಅಂದ್ರೆ ಚಿನ್ನ, ಚಿನ್ನ ಅಂದ್ರೆ ಹೊಡೆದಾಟ. ಇವತ್ತು ನಾನು ಹೇಳೋಕೆ ಹೊರಟಿರೋ ಗಣಿ ಆ ಥರದ್ದಲ್ಲ. ಅಲ್ಲಿ ಚಿನ್ನ ಇಲ್ಲ, ವಜ್ರ ಇಲ್ಲ. ಮರುಭೂಮಿಯ ಬೆಟ್ಟದ ಮೈಮೇಲೆ ಒಬ್ಬ ಮನುಷ್ಯ ಬಗ್ಗಿ ನುಗ್ಗೋಕೆ ಸಾಲುವಷ್ಟು ಬಿಲಗಳು, ಅಷ್ಟೇ. ಅಲ್ಲಿಂದ ಜನ ಹೊರಗೆ ತೆಗೀತಿದ್ದದ್ದು ಸೀಸದ ಅದಿರು. ಯಾಕೆ ತೆಗೀತಿದ್ರು ಅಂದ್ರೆ, ಕಣ್ಣಿಗೆ ಹಚ್ಚಿಕೊಳ್ಳೋಕೆ.

ಹೌದು, ಕಣ್ಣಿಗೆ. ಈಜಿಪ್ಟಿನ ಗೋಡೆಚಿತ್ರಗಳನ್ನ ನೀವು ನೋಡೇ ಇರ್ತೀರಿ. ರಾಜ, ರಾಣಿ, ರೈತ, ದೇವರು, ಯಾರೇ ಇರಲಿ, ಎಲ್ಲರ ಕಣ್ಣಿನ ಸುತ್ತ ದಪ್ಪ ಕಪ್ಪು ಗೆರೆ. ಆ ಕಪ್ಪು ಎಲ್ಲಿಂದ ಬಂತು ಅನ್ನೋ ಪ್ರಶ್ನೆಯನ್ನ ಹಿಡಿದು ಹೊರಟ್ರೆ ನಾವು ಹೋಗಿ ನಿಲ್ಲೋದು ಕೆಂಪು ಸಮುದ್ರದ ಕಡೆಯ ಒಂದು ಒಣ ಬೆಟ್ಟದ ಹತ್ತಿರ. ಅದರ ಹೆಸರು ಗೆಬೆಲ್ ಎಲ್ ಝೈತ್.

ಮೊದಲು ಜಾಗ ಎಲ್ಲಿದೆ ನೋಡಿಬಿಡೋಣ. ಫೋನಲ್ಲಿ ಮ್ಯಾಪ್ ತೆಗೀರಿ. ಈಜಿಪ್ಟ್ ಮತ್ತು ಸಿನಾಯ್ ನಡುವೆ ಒಂದು ಉದ್ದನೆಯ ನೀರಿನ ನಾಲಿಗೆ ಕಾಣುತ್ತಲ್ಲ, ಅದು ಸೂಯೆಜ್ ಕೊಲ್ಲಿ. ಅದರ ಪಶ್ಚಿಮ ದಡದಲ್ಲಿ, ದಕ್ಷಿಣದ ತುದಿಗೆ ಹತ್ತಿರ, ಸಮುದ್ರಕ್ಕೆ ಸಮಾನಾಂತರವಾಗಿ ಮಲಗಿರೋ ಒಂದು ಸಣ್ಣ ಬೆಟ್ಟಸಾಲು. ಅರಬ್ಬಿಯಲ್ಲಿ ಗೆಬೆಲ್ ಅಂದ್ರೆ ಬೆಟ್ಟ, ಝೈತ್ ಅಂದ್ರೆ ಎಣ್ಣೆ. ಎಣ್ಣೆಬೆಟ್ಟ ಅಂತ ಅನ್ನಿ. ಅಲ್ಲಿ ನೆಲದಿಂದ ಕಚ್ಚಾತೈಲ ತಾನಾಗೇ ಜಿನುಗುತ್ತೆ, ಅದಕ್ಕೇ ಆ ಹೆಸರು. ಈಜಿಪ್ಟಿನ ಮೊದಲ ತೈಲಬಾವಿಗಳೂ ಇದೇ ಸುತ್ತಮುತ್ತ ಶುರುವಾದವು. ಈಗ ಅಲ್ಲಿಗೆ ಹೋದ್ರೆ ಕಣ್ಣಿಗೆ ಹೊಡೆಯೋದು ಗಾಳಿಯಂತ್ರಗಳು. 580 ಮೆಗಾವಾಟಿನ ದೊಡ್ಡ ಪವನ ವಿದ್ಯುತ್ ಸ್ಥಾವರ ಅದು, 2018ರಲ್ಲಿ ಉದ್ಘಾಟನೆ ಆಯ್ತು. ಯುರೋಪಿಂದ ಆಫ್ರಿಕಾಕ್ಕೆ ವಲಸೆ ಹೋಗೋ ಕೊಕ್ಕರೆ, ಹದ್ದುಗಳ ದಾರಿಯೂ ಇದೇ ಆಗಿರೋದ್ರಿಂದ, ಹಕ್ಕಿಗಳ ಹಿಂಡು ಬಂದಾಗ ಯಂತ್ರಗಳನ್ನ ನಿಲ್ಲಿಸ್ತಾರೆ.

ಸೀಸ, ಎಣ್ಣೆ, ಗಾಳಿ. ಒಂದೇ ಬೆಟ್ಟ, ಒಂದೊಂದು ಕಾಲಕ್ಕೆ ಒಂದೊಂದು ಸರಕು. ಆದರೆ ಎಲ್ಲಕ್ಕಿಂತ ಮೊದಲು ಬಂದವರು ಕಣ್ಣಿನ ಕಪ್ಪಿಗೆ ಬಂದವರು. ಇವತ್ತಿಗೆ ಸುಮಾರು 3,800 ವರ್ಷಗಳ ಹಿಂದೆ.

ಈಗ ಒಂದು ಸಣ್ಣ ಲೆಕ್ಕ. ಈಜಿಪ್ಟಿನ ಜನ ಇದ್ದದ್ದು ನೈಲ್ ನದಿಯ ಪಕ್ಕ. ನೈಲಿನ ಯಾವ ಬಾಗಿಂದ ಹೊರಟರೂ ಈ ಬೆಟ್ಟ ಕಡಿಮೆ ಅಂದ್ರೂ 200 ಕಿಲೋಮೀಟರ್ ದೂರ. ನಡುವೆ ಇರೋದು ಪೂರ್ವ ಮರುಭೂಮಿ. ಕಲ್ಲುಬೆಟ್ಟ, ಒಣಗಿದ ಹಳ್ಳದ ಪಾತ್ರ, ಅಲ್ಲೊಂದು ಇಲ್ಲೊಂದು ಬಾವಿ. ಒಂಟೆ ಮೇಲೆ ಹೋಗ್ತಿದ್ರು ಅಂತ ನೀವು ಕಲ್ಪನೆ ಮಾಡಿಕೊಂಡಿದ್ರೆ ಅದನ್ನ ತೆಗೆದುಹಾಕಿ. ಆ ಕಾಲದ ಈಜಿಪ್ಟಿನಲ್ಲಿ ಸಾಮಾನು ಹೊರೋದಕ್ಕೆ ಒಂಟೆಯ ಬಳಕೆ ಇನ್ನೂ ಇರಲಿಲ್ಲ. ಹೊತ್ತದ್ದು ಕತ್ತೆಗಳು. ಕತ್ತೆಗೂ ನೀರು ಬೇಕು, ಮೇವು ಬೇಕು. ಅಂದ್ರೆ ಕತ್ತೆ ಹೊರೋ ಹೊರೆಯಲ್ಲಿ ಒಂದು ಪಾಲು ಕತ್ತೆಗೇ ಹೋಗುತ್ತೆ. ಇಷ್ಟೆಲ್ಲ ಕಷ್ಟಪಟ್ಟು ಅವರು ತರ್ತಿದ್ದದ್ದು ಗಲೇನಾ ಅನ್ನೋ ಕಲ್ಲು.

ಗಲೇನಾ ಅಂದ್ರೆ ಸೀಸ ಮತ್ತು ಗಂಧಕ ಸೇರಿದ ಖನಿಜ. ಶುದ್ಧ ಗಲೇನಾದಲ್ಲಿ ತೂಕದ ಲೆಕ್ಕದಲ್ಲಿ ಶೇ. 86ಕ್ಕಿಂತ ಹೆಚ್ಚು ಸೀಸವೇ ಇರುತ್ತೆ. ನೋಡೋಕೆ ಬೆಳ್ಳಿಬೂದು ಬಣ್ಣ, ಕನ್ನಡಿ ಥರ ಹೊಳಪು. ಸುತ್ತಿಗೇಲಿ ಹೊಡೆದ್ರೆ ಪುಟ್ಟ ಪುಟ್ಟ ಚೌಕ ದಾಳಗಳಾಗಿ ಒಡೆಯುತ್ತೆ. ಕಲ್ಲಿನ ಲೆಕ್ಕಕ್ಕೆ ತುಂಬಾ ಮೆತ್ತಗಿನದು, ಆದರೆ ತೂಕ ಮಾತ್ರ ಭಯಂಕರ. ಒಂದು ಲೀಟರ್ ನೀರಿನ ಬಾಟಲಿ ಇದೆಯಲ್ಲ, ಅಷ್ಟೇ ಗಾತ್ರದ ಗಲೇನಾ ಗಟ್ಟಿ ಏಳೂವರೆ ಕೆ.ಜಿ. ತೂಗುತ್ತೆ. ನುಣ್ಣಗೆ ಅರೆದ್ರೆ ಕಪ್ಪು ಪುಡಿ. ಇನ್ನೂ ಸ್ವಲ್ಪ ಒರಟಾಗಿ ಬಿಟ್ರೆ ಕಪ್ಪಿನೊಳಗೆ ಮಿನುಗು. ಇವತ್ತಿನ ಭಾಷೇಲಿ ಹೇಳೋದಾದ್ರೆ ಮ್ಯಾಟ್ ಬೇಕಾ, ಶಿಮ್ಮರ್ ಬೇಕಾ, ಎರಡೂ ಒಂದೇ ಕಲ್ಲಲ್ಲಿ.

ಇಲ್ಲಿ ಫೋನ್ ಹಿಡಿದವರಿಗಾಗಿ ಒಂದು ಪಕ್ಕದ ಮಾತು. ಇದೇ ಗಲೇನಾ ಹರಳನ್ನ ಬಳಸಿ ನಮ್ಮ ಜಗದೀಶ್ ಚಂದ್ರ ಬೋಸ್ ಅವರು ರೇಡಿಯೋ ತರಂಗ ಹಿಡಿಯೋ ಸಾಧನ ಮಾಡಿದ್ರು. ಅದಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ತು. ಸೆಮಿಕಂಡಕ್ಟರ್ ಸಾಧನಕ್ಕೆ ಸಿಕ್ಕ ಮೊದಲ ಪೇಟೆಂಟ್ ಅಂತ ಅದನ್ನ ಎಣಿಸ್ತಾರೆ. ನಿಮ್ಮ ಕೈಯಲ್ಲಿರೋ ಫೋನಿನ ಚಿಪ್‌ಗಳ ದೂರದ ಮುತ್ತಜ್ಜ ಅನ್ನಬಹುದು. ಸರಿ, ಗಣಿಗೆ ವಾಪಸ್ ಬರೋಣ.

ಈ ಗಣಿಯ ಜಾಗವನ್ನ ಸರಿಯಾಗಿ ಅಗೆದು ನೋಡಿದ್ದು ಕೈರೋದಲ್ಲಿರೋ ಫ್ರೆಂಚ್ ಪುರಾತತ್ವ ಸಂಸ್ಥೆಯವರು, 1982ರಿಂದ 1986ರವರೆಗೆ. ಜಾರ್ಜ್ ಕಾಸ್ತೆಲ್ ಮತ್ತು ಜಾರ್ಜ್ ಸುಕಿಯಾಸಿಯನ್ ಅನ್ನೋ ಇಬ್ಬರು ಇದರ ಮುಂದಾಳುಗಳು. ಅವರಿಗೆ ಕಂಡದ್ದು ಸೀಸದ ಎಳೆಯನ್ನೇ ಹಿಂಬಾಲಿಸಿಕೊಂಡು ಹೋದ ಇಕ್ಕಟ್ಟಾದ ಸುರಂಗಗಳು. ಅದಿರಿನ ಎಳೆ ಎಡಕ್ಕೆ ತಿರುಗಿದ್ರೆ ಸುರಂಗವೂ ಎಡಕ್ಕೆ, ಎಳೆ ಕೆಳಗಿಳಿದ್ರೆ ಸುರಂಗವೂ ಕೆಳಗೆ. ಬೇಡದ ಒಂದು ಬುಟ್ಟಿ ಕಲ್ಲನ್ನೂ ತೆಗೀಬಾರದು ಅನ್ನೋ ಲೆಕ್ಕ. ನೆಟ್ಟಗೆ ನಿಂತು ಕೆಲಸ ಮಾಡೋ ಪ್ರಶ್ನೆಯೇ ಇಲ್ಲ. ಕುಕ್ಕರಗಾಲಲ್ಲಿ, ಮಲಗಿ, ತೆವಳಿ, ಹೇಗಾಗುತ್ತೋ ಹಾಗೆ. ಆಯುಧ ಅಂದ್ರೆ ಗಟ್ಟಿ ಕಲ್ಲಿನ ಸುತ್ತಿಗೆ. ಕಲ್ಲಿಂದ ಕಲ್ಲನ್ನ ಹೊಡೆಯೋದು. ಹೊರಗೆ ಕಲ್ಲು ಪೇರಿಸಿ ಕಟ್ಟಿದ ಪುಟ್ಟ ಗುಡಿಸಲುಗಳು. ಅದು ಕಾಯಂ ಊರಲ್ಲ. ತಂಡ ಬರುತ್ತೆ, ಕೆಲಸ ಮುಗಿಸುತ್ತೆ, ಹೋಗುತ್ತೆ. ಮತ್ತೆ ಇನ್ಯಾವಾಗಲೋ ಇನ್ನೊಂದು ತಂಡ.

ಸೀಸದ ಧೂಳು ಉಸಿರಿಗೆ ಹೋದ್ರೆ ಏನಾಗುತ್ತೆ ಅನ್ನೋದು ಇವತ್ತು ನಮಗೆ ಗೊತ್ತು. ಹೊಟ್ಟೆನೋವು, ನಿಶ್ಶಕ್ತಿ, ನರಗಳ ತೊಂದರೆ. ಆ ಬಿಲಗಳಲ್ಲಿ ಕೂತು ಕಲ್ಲು ಕುಟ್ಟಿದವರ ಹೆಸರುಗಳು ನಮಗೆ ಉಳಿದಿಲ್ಲ. ಆದರೆ ಅವರು ಕೈಮುಗಿದ ಜಾಗ ಉಳಿದಿದೆ. ನನಗೆ ಈ ಇಡೀ ಕಥೆಯಲ್ಲಿ ಬಹಳ ಹಿಡಿಸಿದ್ದು ಇದೇ ಭಾಗ.

ಗಣಿಯ ಪಕ್ಕದಲ್ಲೇ ಒಂದು ಸಣ್ಣ ಗುಡಿ ಇತ್ತು. ಕಾರ್ನಾಕ್ ಥರ ದೊಡ್ಡ ಕಂಬಗಳ ದೇವಸ್ಥಾನ ಅಲ್ಲ. ನಮ್ಮ ಕಡೆ ಹೊಲದ ಬದುವಿನಲ್ಲಿ ನಾಲ್ಕು ಕಲ್ಲು ನಿಲ್ಲಿಸಿ ದೇವರು ಅಂತ ಮಾಡ್ತಾರಲ್ಲ, ಅದಕ್ಕಿಂತ ಸ್ವಲ್ಪ ದೊಡ್ಡದು ಅಂದುಕೊಳ್ಳಿ. ದೇವತೆ ಹಾಥೋರ್. ಅವಳಿಗೆ ಇಲ್ಲಿರೋ ಬಿರುದು ಗಲೇನಾದ ಒಡತಿ ಅಂತ. ಈಜಿಪ್ಟ್ ಭಾಷೆಯಲ್ಲಿ ಗಲೇನಾಕ್ಕೆ ಮೆಸ್ದೆಮೆತ್ ಅಂತಿದ್ರು. ಅವಳ ಜೊತೆಗೆ ಮರುಭೂಮಿಗಳ ಒಡೆಯ ಹೋರಸ್, ಕೊಪ್ಟೋಸ್ ಪಟ್ಟಣದ ಮಿನ್ ದೇವರು. ಮಿನ್ ಅಂದ್ರೆ ಪೂರ್ವ ಮರುಭೂಮಿಯ ದಾರಿಗಳನ್ನ ಕಾಯೋನು. ಹೊರಡುವಾಗ ದಾರಿಯ ದೇವರು, ತಲುಪಿದ ಮೇಲೆ ಅದಿರಿನ ದೇವತೆ. ಲೆಕ್ಕಾಚಾರ ಸರಿಯಾಗೇ ಇದೆ.

ಆ ಗುಡಿಯಲ್ಲಿ ಸಿಕ್ಕಿದ ಹರಕೆಯ ವಸ್ತುಗಳಲ್ಲಿ ಮಣ್ಣಿನ ಪುಟ್ಟ ಹೆಣ್ಣು ಗೊಂಬೆಗಳಿವೆ. ಕೆಲವಕ್ಕೆ ಸುತ್ತಿದ ಬಟ್ಟೆಯ ಚೂರು, ದಾರ, ಮಣಿ ಇನ್ನೂ ಉಳಿದಿದೆ. ಮರುಭೂಮಿಯ ಒಣಹವೆ ಮಾಡಿದ ಉಪಕಾರ ಅದು. ಗಂಡಸರೇ ತುಂಬಿದ್ದ ಗಣಿ ಶಿಬಿರದಲ್ಲಿ ಈ ಗೊಂಬೆಗಳು ಯಾಕೆ? ಭೂಮಿಯ ಹೊಟ್ಟೆಯಿಂದ ಅದಿರು ಬರೋದನ್ನ ಹೆರಿಗೆಯ ಥರ ನೋಡ್ತಿದ್ರು ಅನ್ನೋದು ಒಂದು ವಿವರಣೆ. ಇರಬಹುದು. ನನಗೆ ಮಾತ್ರ ಇನ್ನೊಂದೂ ಅನಿಸುತ್ತೆ. ಮನೆ ಬಿಟ್ಟು ತಿಂಗಳುಗಟ್ಟಲೆ ದೂರ ಇದ್ದವನು ದೇವತೆ ಮುಂದೆ ಇಟ್ಟದ್ದು ಮನೆಯವರ ನೆನಪಲ್ಲೂ ಇರಬಹುದಲ್ಲ?

ಗುಡಿಯಲ್ಲಿ ರಾಜರ ಹೆಸರಿರೋ ಕಲ್ಲುಗಳೂ ಇದ್ದವು. ಇಲ್ಲಿ ಸಿಕ್ಕ ಹೆಸರುಗಳು ಮೂರನೇ ಅಮೆನೆಮ್ಹಾತ್ ಕಾಲದಿಂದ, ಅಂದ್ರೆ ಕ್ರಿ.ಪೂ. 1800ರ ಆಸುಪಾಸಿನಿಂದ, ಕ್ರಿ.ಪೂ. 13ನೇ ಶತಮಾನದ ಎರಡನೇ ರಾಮ್ಸೆಸ್ ತನಕ ಹಬ್ಬಿವೆ. ಸುಮಾರು 600 ವರ್ಷ. ಆದರೆ ಇದರಲ್ಲಿ ಆಶ್ಚರ್ಯ ಹುಟ್ಟಿಸೋದು ದೊಡ್ಡ ರಾಜರ ಹೆಸರುಗಳಲ್ಲ. ನಡುವೆ ಈಜಿಪ್ಟ್ ಎರಡು ಹೋಳಾಗಿತ್ತು. ಉತ್ತರದಲ್ಲಿ ಹಿಕ್ಸೋಸ್ ಅನ್ನೋ ಹೊರಗಿನಿಂದ ಬಂದವರ ಆಳ್ವಿಕೆ, ದಕ್ಷಿಣದಲ್ಲಿ ಥೀಬ್ಸ್‌ನ ಸಣ್ಣಪುಟ್ಟ ರಾಜರು. ಇತಿಹಾಸ ಪುಸ್ತಕಗಳಲ್ಲಿ ಒಂದು ಸಾಲಿಗೂ ಬಾರದ ರಾಜರು. ಬೆಬಿಅಂಖ್ ಅಂತ ಒಬ್ಬ. ಅವನ ಹೆಸರಿನ ಕಲ್ಲು ಈ ಬೆಟ್ಟದಲ್ಲಿ ಸಿಕ್ಕಿದೆ. ದೇಶ ಒಡೆದಿದೆ, ಖಜಾನೆ ಬರಿದು. ಆದರೂ ಕಣ್ಣಿನ ಕಪ್ಪಿಗೆ ತಂಡ ಕಳಿಸ್ತಾನೆ! ನ್ಯೂಬಿಯಾ ಕಡೆಯ ಜನರ ಶೈಲಿಯ ಮಡಕೆ ಚೂರುಗಳೂ ಇಲ್ಲಿ ಸಿಕ್ಕಿವೆ. ಅಂದ್ರೆ ದಕ್ಷಿಣದ ಮರುಭೂಮಿಯ ಜನರೂ ಈ ತಂಡಗಳ ಜೊತೆ ಬರ್ತಿದ್ರು.

ಯಾಕೆ ಇಷ್ಟು ಹಟ? ಫ್ಯಾಷನ್‌ಗಾ? ಫ್ಯಾಷನ್ನೂ ಇತ್ತು, ಇಲ್ಲ ಅನ್ನೋಕಾಗಲ್ಲ. ಆದರೆ ಅಷ್ಟೇ ಅಲ್ಲ.

ಕಣ್ಣಿನ ಕಪ್ಪು ಈಜಿಪ್ಟಿನಲ್ಲಿ ಗಂಡಸರು, ಹೆಂಗಸರು, ಮಕ್ಕಳು, ಬಡವರು, ಶ್ರೀಮಂತರು ಎಲ್ಲರೂ ಹಚ್ಚುತ್ತಿದ್ದ ವಸ್ತು. ಬಿಸಿಲಿನ ಝಳ ಕಡಿಮೆ ಆಗುತ್ತೆ, ನೊಣ ಹತ್ತಿರ ಬರಲ್ಲ, ಕೆಟ್ಟ ದೃಷ್ಟಿ ತಾಗಲ್ಲ, ಕಣ್ಣಿನ ಕಾಯಿಲೆ ಬರಲ್ಲ ಅನ್ನೋ ನಂಬಿಕೆ. ಕ್ರಿ.ಪೂ. 1550ರ ಸುಮಾರಿನ ಎಬರ್ಸ್ ಪಪೈರಸ್ ಅನ್ನೋ ವೈದ್ಯಗ್ರಂಥದಲ್ಲಿ ಕಣ್ಣಿನ ರೋಗಗಳಿಗೆ ಹೇಳಿರೋ ಮದ್ದುಗಳಲ್ಲಿ ಮೆಸ್ದೆಮೆತ್ ಮತ್ತೆ ಮತ್ತೆ ಬರುತ್ತೆ. ಸತ್ತವರ ಜೊತೆ ಸಮಾಧಿಯಲ್ಲೂ ಕಪ್ಪಿನ ಡಬ್ಬಿ, ಹಚ್ಚೋ ಕಡ್ಡಿ ಇಡ್ತಿದ್ರು. ಈಜಿಪ್ಟ್ ಒಂದಾದ ಕಥೆ ಹೇಳುತ್ತೆ ಅನ್ನೋ ಪ್ರಸಿದ್ಧ ನಾರ್ಮರ್ ಫಲಕ ಇದೆಯಲ್ಲ, ಅದರ ಆಕಾರವೇ ಕಣ್ಣಿನ ಬಣ್ಣ ಅರೆಯೋ ಕಲ್ಲಿನದ್ದು. ನಡುವೆ ಬಣ್ಣ ಅರೆಯೋಕೆ ಒಂದು ಗುಂಡನೆ ಗುಳಿ ಕೂಡ ಇದೆ. ನಮ್ಮಲ್ಲಿ ಯಾರಾದ್ರೂ ರಾಜನ ವಿಜಯವನ್ನ ಒರಳುಕಲ್ಲಿನ ಮೇಲೆ ಕೆತ್ತಿಸಿದ ಹಾಗೆ.

ಇನ್ನೊಂದು ಚಿತ್ರ ಇದೆ, ಇಂಟರ್ನೆಟ್‌ನಲ್ಲಿ ಸುಲಭವಾಗಿ ಸಿಗುತ್ತೆ. ಬೆನಿ ಹಸನ್ ಅನ್ನೋ ಕಡೆ, ಎರಡನೇ ಖ್ನುಮ್‌ಹೋತೆಪ್ ಅನ್ನೋ ಅಧಿಕಾರಿಯ ಸಮಾಧಿಯ ಗೋಡೆಯಲ್ಲಿದೆ. ಬಣ್ಣಬಣ್ಣದ ಪಟ್ಟೆ ಬಟ್ಟೆ ಹಾಕಿದ ಪೂರ್ವ ಕಡೆಯ ಜನ ಬರ್ತಿದ್ದಾರೆ. ಗಂಡಸರು, ಹೆಂಗಸರು, ಕತ್ತೆ ಮೇಲೆ ಮಕ್ಕಳು, ಒಬ್ಬನ ಕೈಯಲ್ಲಿ ತಂತಿವಾದ್ಯ. ಮುಂದೆ ನಿಂತಿರೋ ಈಜಿಪ್ಟಿನ ಗುಮಾಸ್ತ ನೆಫೆರ್‌ಹೋತೆಪ್ ಕೈಯಲ್ಲಿ ಒಂದು ಬರಹ ಹಿಡಿದಿದ್ದಾನೆ. ಎರಡನೇ ಸೆನುಸ್ರೆತ್ ರಾಜನ ಆರನೇ ವರ್ಷ, ಒಟ್ಟು 37 ಜನ, ಕಣ್ಣಿನ ಕಪ್ಪು ತಂದಿದ್ದಾರೆ ಅಂತ. ಕ್ರಿ.ಪೂ. 1890ರ ಸುಮಾರು. ಗಡಿಯಲ್ಲಿ ಜನರನ್ನ ಎಣಿಸಿ, ಸರಕು ಬರೆದುಕೊಂಡು ಒಳಗೆ ಬಿಡೋ ಆಫೀಸು ಆಗಲೇ ಇತ್ತು ನೋಡಿ. ಆ ಗುಂಪಿನ ಮುಖಂಡನಿಗೆ ಚಿತ್ರದಲ್ಲಿ ಕೊಟ್ಟಿರೋ ಬಿರುದಿಗೆ ಹೊರನಾಡಿನ ಒಡೆಯ ಅಂತ ಅರ್ಥ. ಅದೇ ಪದವೇ ಮುಂದೆ ಗ್ರೀಕರ ಬಾಯಲ್ಲಿ ಹಿಕ್ಸೋಸ್ ಆಗಿದ್ದು. ಅವತ್ತು ಕಪ್ಪು ಮಾರೋಕೆ ಬಂದವರ ಬಿರುದು, ನಂತರ ಸಿಂಹಾಸನ ಹತ್ತಿದವರ ಹೆಸರು.

ಈಗ ಮ್ಯಾಂಗನೀಸ್ ವಿಷಯಕ್ಕೆ ಬರ್ತೀನಿ. ಮ್ಯಾಂಗನೀಸ್ ಅಂದ್ರೆ ನಮಗೆ ಸಂಡೂರು ನೆನಪಾಗುತ್ತೆ. ಈಜಿಪ್ಟಿನ ಹಳೆಯ ಕಪ್ಪಿನ ಡಬ್ಬಿಗಳಲ್ಲಿ ಉಳಿದ ಪುಡಿಯನ್ನ ರಸಾಯನಶಾಸ್ತ್ರಜ್ಞರು ಪರೀಕ್ಷೆ ಮಾಡಿದಾಗ ಹೆಚ್ಚಿನವು ಗಲೇನಾ. ಆದರೆ ಕೆಲವು ಡಬ್ಬಿಗಳಲ್ಲಿ ಮ್ಯಾಂಗನೀಸ್ ಆಕ್ಸೈಡ್, ಇನ್ನು ಕೆಲವರಲ್ಲಿ ತಾಮ್ರದ ಆಕ್ಸೈಡ್. ಅಂದ್ರೆ ಕಪ್ಪಗಿದ್ರೆ ಸಾಕು ಅಂತ ಕೈಗೆ ಸಿಕ್ಕಿದ್ದನ್ನ ಹಾಕಿದವರೂ ಇದ್ರು. ಅಥವಾ ಅಂಗಡಿಯವನು ಕಲಬೆರಕೆ ಮಾಡಿದ್ದನೋ ಏನೋ! ಮ್ಯಾಂಗನೀಸಿಗೆ ಅವರು ಬಹಳ ದೂರ ಹೋಗಬೇಕಿರಲಿಲ್ಲ. ಗೆಬೆಲ್ ಝೈತ್‌ನ ಎದುರು ದಡದಲ್ಲಿ, ಕೊಲ್ಲಿಯ ಆಚೆ, ಸಿನಾಯ್ ಬೆಟ್ಟಗಳಲ್ಲಿ ಉಮ್ ಬೊಗ್ಮಾ ಅನ್ನೋ ಜಾಗ ಇದೆ. ಅಲ್ಲಿನ ಮ್ಯಾಂಗನೀಸನ್ನ 20ನೇ ಶತಮಾನದಲ್ಲಿ ದೊಡ್ಡ ಮಟ್ಟದಲ್ಲಿ ತೆಗೆದು, ಅಬು ಝೆನಿಮಾ ಬಂದರಿನಿಂದ ಹಡಗಿಗೆ ಹಾಕಿದ್ರು. ಉಕ್ಕಿನ ಕಾರ್ಖಾನೆಗಳಿಗೆ. ಅದೇ ಬೆಟ್ಟಗಳಲ್ಲಿ ಪ್ರಾಚೀನ ಈಜಿಪ್ಟಿನವರು ತೆಗೆದದ್ದು ಹಸಿರುನೀಲಿ ವೈಡೂರ್ಯದಂಥ ಟರ್ಕಾಯ್ಸ್ ಕಲ್ಲು, ಸೆರಾಬಿತ್ ಎಲ್ ಖಾದಿಮ್ ಅನ್ನೋ ಗಣಿಯಿಂದ. ಅಲ್ಲಿಯೂ ಗುಡಿ, ಅಲ್ಲಿಯೂ ಹಾಥೋರ್. ಅಲ್ಲಿ ಅವಳು ಟರ್ಕಾಯ್ಸ್‌ನ ಒಡತಿ. ಒಂದೇ ದೇವತೆ, ಕೊಲ್ಲಿಯ ಎರಡು ದಡದಲ್ಲಿ ಎರಡು ಖಾತೆ.

ಸೆರಾಬಿತ್‌ನಲ್ಲಿ 1905ರಲ್ಲಿ ಫ್ಲಿಂಡರ್ಸ್ ಪೆಟ್ರಿ ಅವರಿಗೆ ಇನ್ನೂ ಒಂದು ಸಿಕ್ತು. ಗಣಿ ಕೆಲಸಕ್ಕೆ ಬಂದಿದ್ದ ಪೂರ್ವ ಕಡೆಯ ಜನ ಕಲ್ಲಿನ ಮೇಲೆ ಗೀಚಿದ ಅಕ್ಷರಗಳು. ಎತ್ತಿನ ತಲೆ, ಮನೆ, ನೀರು, ಹೀಗೆ ಚಿತ್ರ ಬಿಡಿಸಿ ಒಂದೊಂದಕ್ಕೂ ಒಂದೊಂದು ಧ್ವನಿ ಕೊಟ್ಟಿದ್ರು. ಫಿನೀಷಿಯನ್, ಅರಾಮಿಕ್, ಗ್ರೀಕ್ ಲಿಪಿಗಳ ಮೂಲ ಇದೇ ಪರಂಪರೆ. ಬ್ರಾಹ್ಮಿ ಲಿಪಿಗೂ ಅರಾಮಿಕ್ ಪ್ರೇರಣೆ ಅಂತ ಅನೇಕ ವಿದ್ವಾಂಸರು ಹೇಳ್ತಾರೆ. ಬ್ರಾಹ್ಮಿಯಿಂದಲೇ ತಾನೆ ನಮ್ಮ ಕನ್ನಡ ಲಿಪಿ. ಗಣಿ ಕೂಲಿಗಳ ಗೀಚು ಎಲ್ಲಿಯವರೆಗೆ ಬಂತು ನೋಡಿ. ಇದು ಬೇರೆಯೇ ಸಂಚಿಕೆ ಆಗೋ ವಿಷಯ, ಇಲ್ಲಿಗೆ ಬಿಡ್ತೀನಿ.

ಈಗ ಪ್ರಶ್ನೆ. ಮ್ಯೂಸಿಯಂನಲ್ಲಿರೋ ಒಂದು ಡಬ್ಬಿಯ ಕಪ್ಪು, ಇದೇ ಬೆಟ್ಟದ್ದು ಅಂತ ಹೇಗೆ ಗೊತ್ತಾಗುತ್ತೆ? ಸೀಸದ ಒಂದು ಗುಣ ಇಲ್ಲಿ ಕೆಲಸಕ್ಕೆ ಬರುತ್ತೆ. ಪ್ರಕೃತಿಯಲ್ಲಿ ಸೀಸದ ಪರಮಾಣುಗಳು ನಾಲ್ಕು ತೂಕದಲ್ಲಿ ಸಿಗ್ತವೆ. 204, 206, 207, 208. ಇವನ್ನ ಐಸೊಟೋಪ್ ಅಂತಾರೆ. ಕೊನೆಯ ಮೂರು, ಯುರೇನಿಯಂ ಮತ್ತು ಥೋರಿಯಂ ನಿಧಾನವಾಗಿ ಕ್ಷಯಿಸಿದಾಗಲೂ ಹುಟ್ಟುತ್ತವೆ. ಹಾಗಾಗಿ ಅದಿರು ಯಾವ ಬಂಡೆಯಲ್ಲಿ, ಯಾವ ಕಾಲದಲ್ಲಿ ಕೂಡಿತು ಅನ್ನೋದರ ಮೇಲೆ ಈ ನಾಲ್ಕರ ಪ್ರಮಾಣ ಜಾಗದಿಂದ ಜಾಗಕ್ಕೆ ಬದಲಾಗುತ್ತೆ. ಹೆಬ್ಬೆಟ್ಟಿನ ಗುರುತಿದ್ದ ಹಾಗೆ. ಅರೆದ್ರೂ, ಸುಟ್ರೂ, ಕರಗಿಸಿದ್ರೂ ಆ ಪ್ರಮಾಣ ಬದಲಾಗಲ್ಲ. 18ನೇ ರಾಜವಂಶದ ಕಾಲದ, ಅಂದ್ರೆ ಟುಟಾಂಖಾಮುನ್ ಬಾಳಿದ ರಾಜವಂಶದ ಕಾಲದ ಕಣ್ಣಿನ ಕಪ್ಪುಗಳನ್ನ ಹೀಗೆ ಅಳೆದು ನೋಡಿದಾಗ ಗೆಬೆಲ್ ಝೈತ್‌ನ ಗುರುತು ಸಿಕ್ತು. ಆ ಕಾಲದ ಗಾಜಿಗೆ ಹಳದಿ ಬಣ್ಣ ಕೊಡೋಕೆ ಹಾಕಿದ ಸೀಸದಲ್ಲೂ ಅದೇ ಗುರುತು. ಸಣ್ಣ ಬೆಟ್ಟದ ಸಣ್ಣ ಬಿಲಗಳು ಅಂದೆನಲ್ಲ, ಅವುಗಳ ಸರಕು ಒಂದು ಇಡೀ ನಾಗರಿಕತೆಯ ಮುಖಕ್ಕೆ ಹೋಗಿ ತಲುಪಿತ್ತು.

ಇನ್ನು ಎಲ್ಲರೂ ಕಾಯ್ತಿರೋ ವಿಷಯ. ಸೀಸ ವಿಷ ಅಲ್ವಾ? ಮತ್ತೆ ಅವರು ಸಾವಿರಾರು ವರ್ಷ ಕಣ್ಣಿಗೆ ಹೇಗೆ ಹಚ್ಚಿಕೊಂಡ್ರು?

ಫ್ರಾನ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಇಂಥ ಕಪ್ಪಿನ ಡಬ್ಬಿಗಳು ಇವೆ. ಫಿಲಿಪ್ ವಾಲ್ಟರ್ ಅವರ ತಂಡ 49 ಡಬ್ಬಿಗಳ ಪುಡಿ ಪರೀಕ್ಷೆ ಮಾಡಿ 1999ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸ್ತು. ಗಲೇನಾ ಜೊತೆಗೆ ಸೀಸದ ಎರಡು ಬಿಳಿ ಸಂಯುಕ್ತಗಳು ಸಿಕ್ಕವು, ಲಾರಿಯೋನೈಟ್ ಮತ್ತು ಫಾಸ್ಜೆನೈಟ್. ಇವು ಅಲ್ಲಿ ಹಾಗೆ ಸುಮ್ಮನೆ ಸಿಗೋ ಖನಿಜಗಳಲ್ಲ. ಸೀಸದ ಆಕ್ಸೈಡನ್ನ ಉಪ್ಪು ನೀರಲ್ಲಿ ಕಲಸಿ, ದಿನಾ ನೀರು ಬದಲಾಯಿಸ್ತಾ, ವಾರಗಟ್ಟಲೆ ಮಾಡಿದ್ರೆ ಮಾತ್ರ ಆಗೋದು. ಅಂದ್ರೆ ಬೇಕು ಅಂತಲೇ ತಯಾರಿಸಿದ್ದು. ಅದೇ ಸಂಶೋಧಕರ ಬಳಗ 2010ರಲ್ಲಿ ಇನ್ನೊಂದು ಪ್ರಯೋಗ ಮಾಡ್ತು. ಇಂಥ ಸೀಸದ ಅಂಶವನ್ನ ಅತಿ ಕಡಿಮೆ ಪ್ರಮಾಣದಲ್ಲಿ ಚರ್ಮದ ಜೀವಕೋಶಗಳಿಗೆ ತಾಗಿಸಿದಾಗ ನೈಟ್ರಿಕ್ ಆಕ್ಸೈಡ್ ಉತ್ಪತ್ತಿ ಶೇ. 240ರವರೆಗೆ ಹೆಚ್ಚಾಯ್ತು. ನೈಟ್ರಿಕ್ ಆಕ್ಸೈಡ್, ದೇಹದ ರೋಗನಿರೋಧಕ ಪಡೆಯನ್ನ ಎಬ್ಬಿಸೋ ಸಂದೇಶ ಇದ್ದ ಹಾಗೆ. ನೈಲ್ ನದಿ ಉಕ್ಕಿ ಹರಿಯೋ ಕಾಲದಲ್ಲಿ ಕಣ್ಣುಬೇನೆ ಹೆಚ್ಚು. ಆಗ ಇದು ಸ್ವಲ್ಪ ರಕ್ಷಣೆ ಕೊಟ್ಟಿರಬಹುದು ಅಂತ ಅವರ ವಾದ.

ಅಷ್ಟೇ ತಡ. ಕ್ಲಿಯೋಪಾತ್ರಳ ಸೀಸದ ಮೇಕಪ್ ಕಣ್ಣಿಗೆ ಒಳ್ಳೇದು ಅಂತ ಪ್ರಪಂಚದಾದ್ಯಂತ ಹೆಡ್‌ಲೈನ್ ಬಂತು. ಈಗಲೂ ಆ ಥರದ ರೀಲ್ಸ್ ಓಡಾಡ್ತವೆ. ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ. ಆ ಪ್ರಯೋಗ ಒಳ್ಳೇದು, ಹೆಡ್‌ಲೈನ್ ಕೆಟ್ಟದ್ದು. ಗಾಜಿನ ತಟ್ಟೆಯಲ್ಲಿರೋ ಕೋಶಕ್ಕೆ ಏನಾಯ್ತು ಅನ್ನೋದು ಒಂದು. ಆರು ತಿಂಗಳ ಮಗು ಕಣ್ಣುಜ್ಜಿಕೊಂಡು ಅದೇ ಕೈಯನ್ನ ಬಾಯಿಗೆ ಹಾಕಿದಾಗ ಏನಾಗುತ್ತೆ ಅನ್ನೋದು ಇನ್ನೊಂದು. ಗಲೇನಾ ನೀರಲ್ಲಿ ಅಷ್ಟಾಗಿ ಕರಗಲ್ಲ, ನಿಜ. ಆದರೆ ಹೊಟ್ಟೆಯ ಆಮ್ಲದಲ್ಲಿ ಸ್ವಲ್ಪ ಸ್ವಲ್ಪವೇ ಕರಗಿ ರಕ್ತಕ್ಕೆ ಸೇರುತ್ತೆ. ಮಕ್ಕಳ ದೇಹ ಸೀಸವನ್ನ ದೊಡ್ಡವರ ದೇಹಕ್ಕಿಂತ ಹೆಚ್ಚು ಹೀರಿಕೊಳ್ಳುತ್ತೆ. ಬೆಳೀತಿರೋ ಮಿದುಳಿಗೆ ಅದು ಮಾಡೋ ಹಾನಿ ವಾಪಸ್ ಬರಲ್ಲ. ರಕ್ತದಲ್ಲಿ ಇಷ್ಟು ಸೀಸ ಇದ್ರೆ ಪರವಾಗಿಲ್ಲ ಅನ್ನೋ ಸುರಕ್ಷಿತ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ.

ಇದು 3,800 ವರ್ಷ ಹಿಂದಿನ ಮಾತಷ್ಟೇ ಆಗಿದ್ರೆ ನಾನು ಈ ಸಂಚಿಕೆ ಮಾಡ್ತಾನೇ ಇರಲಿಲ್ಲ. ಅರಬ್ಬಿಯಲ್ಲಿ ಈ ಕಪ್ಪಿಗೆ ಕುಹ್ಲ್ ಅಂತಾರೆ. ಅಂದಹಾಗೆ ಆಲ್ಕೋಹಾಲ್ ಪದ ಹುಟ್ಟಿದ್ದೂ ಇದರಿಂದಲೇ. ಅಲ್ ಕುಹ್ಲ್ ಅಂದ್ರೆ ಮೊದಲು ನುಣ್ಣನೆ ಪುಡಿ, ಆಮೇಲೆ ಯಾವುದೇ ವಸ್ತುವಿನ ಸಾರ, ಕೊನೆಗೆ ಭಟ್ಟಿ ಇಳಿಸಿದ ಸಾರ. ಅದೇ ಕುಹ್ಲ್ ನಮ್ಮಲ್ಲಿ ಸುರ್ಮಾ ಹೆಸರಲ್ಲಿ ಸಿಗುತ್ತೆ. ಜಾತ್ರೆಯಲ್ಲಿ, ದರ್ಗಾ ಪಕ್ಕದ ಅಂಗಡಿಯಲ್ಲಿ, ಯಾತ್ರೆಯಿಂದ ಬಂದವರು ತಂದುಕೊಟ್ಟ ಪುಟ್ಟ ಶೀಶೆಯಲ್ಲಿ. ಎಲ್ಲ ಸುರ್ಮಾದಲ್ಲೂ ಸೀಸ ಇದೆ ಅಂತಲ್ಲ. ಆದರೆ ಹೊಳೆಯೋ ಕಲ್ಲನ್ನ ಅರೆದು ಮಾಡಿದ್ದಾದರೆ ಆ ಕಲ್ಲು ಬಹುತೇಕ ಗಲೇನಾವೇ. 2011ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ನೈಜೀರಿಯಾ ಮೂಲದ ಕುಟುಂಬದ ಒಂದು ಹಸುಗೂಸಿನ ರಕ್ತದಲ್ಲಿ ಸೀಸ ಸಿಕ್ತು. ಮನೆಯವರು ತವರಿಂದ ತಂದ ಟಿರೋ ಅನ್ನೋ ಕಣ್ಣಿನ ಕಪ್ಪನ್ನ ಮಗುವಿಗೆ ಹಚ್ಚಿದ್ರು. ಅದನ್ನ ಪರೀಕ್ಷೆ ಮಾಡಿದಾಗ ಶೇ. 82.6ರಷ್ಟು ಸೀಸ. ಅಂದ್ರೆ ಹೆಚ್ಚುಕಡಿಮೆ ಗಲೇನಾವೇ. ಅಪ್ಪ ಅಮ್ಮ ಹಚ್ಚಿದ್ದು ಮಗುವಿಗೆ ಒಳ್ಳೇದಾಗಲಿ ಅಂತಲೇ.

ನಮ್ಮ ಮನೆಗಳ ಕಾಡಿಗೆ ಬೇರೆ. ಹರಳೆಣ್ಣೆ ದೀಪ ಹಚ್ಚಿ, ಮೇಲೆ ಹಿತ್ತಾಳೆ ತಟ್ಟೆ ಬೋರಲು ಹಾಕಿ, ಕೂತ ಮಸಿಯನ್ನ ತೆಗೆದು ತುಪ್ಪದಲ್ಲೋ ಎಣ್ಣೆಯಲ್ಲೋ ಕಲಸೋದು. ಬತ್ತಿಯ ಬಟ್ಟೆಯನ್ನ ನಂದಿಬಟ್ಟಲು ಹೂವಿನ ರಸದಲ್ಲೋ ಹೊನಗೊನೆ ಸೊಪ್ಪಿನ ರಸದಲ್ಲೋ ಅದ್ದಿ ಒಣಗಿಸಿಕೊಳ್ಳೋರೂ ಉಂಟು. ಅದು ಇಂಗಾಲ, ಸೀಸ ಅಲ್ಲ. ಹಾಗಾಗಿ ಅಜ್ಜಿ ಮಾಡಿದ ಕಾಡಿಗೆಯನ್ನೂ ಗಲೇನಾ ಸುರ್ಮಾವನ್ನೂ ಒಂದೇ ತಕ್ಕಡಿಗೆ ಹಾಕೋದು ತಪ್ಪು. ಆದರೂ ಹಸುಗೂಸಿನ ಕಣ್ಣೊಳಗೆ ಬೆರಳಿಂದ ಏನನ್ನೂ ಹಚ್ಚಬೇಡಿ ಅಂತ ಮಕ್ಕಳ ಡಾಕ್ಟರು ಹೇಳೋದು ಸೋಂಕಿನ ಭಯಕ್ಕೆ. ದೃಷ್ಟಿಬೊಟ್ಟು ಇಡಲೇಬೇಕು ಅಂತ ಅಜ್ಜಿ ಹಟ ಹಿಡಿದ್ರೆ ಅಂಗಾಲಿಗೋ ಕಿವಿಯ ಹಿಂದಕ್ಕೋ ಇಡಿ ಅನ್ನಿ. ಜಗಳವೂ ಇಲ್ಲ.

ಅಂಗಡಿಯಿಂದ ತರೋದಾದ್ರೆ? ಬಣ್ಣಕ್ಕಾಗಿ ಸೀಸದ ಸಂಯುಕ್ತ ಬಳಸಿದ ಸೌಂದರ್ಯವರ್ಧಕ ತಯಾರಿಸೋದಕ್ಕೆ ನಮ್ಮ ದೇಶದ ಕಾನೂನಿನಲ್ಲೇ ಅವಕಾಶ ಇಲ್ಲ. ಅಮೆರಿಕದಲ್ಲೂ ಕುಹ್ಲ್ ಅನ್ನ ಬಣ್ಣವಾಗಿ ಬಳಸೋಕೆ ಅನುಮತಿ ಇಲ್ಲ. ತೊಂದರೆ ಇರೋದು ಲೇಬಲ್ ಇಲ್ಲದೆ, ತಯಾರಕರ ಹೆಸರಿಲ್ಲದೆ, ಕೈಯಿಂದ ಕೈಗೆ ಬರೋ ಶೀಶೆಗಳದ್ದು. ಪುಡಿ ತೂಕವಾಗಿದೆಯಾ, ಬೆಳಕಿಗೆ ಹಿಡಿದ್ರೆ ಲೋಹದ ಥರ ಮಿನುಗುತ್ತಾ, ಕಲ್ಲಿಂದ ಮಾಡಿದ್ದು ಅಂತ ಹೆಮ್ಮೆಯಿಂದ ಹೇಳ್ತಾರಾ, ಹಾಗಿದ್ರೆ ಮಗುವಿನ ಹತ್ತಿರಕ್ಕೂ ಬೇಡ. ಗರ್ಭಿಣಿಯರಿಗೂ ಬೇಡ. ಈಗಾಗಲೇ ತುಂಬಾ ದಿನದಿಂದ ಹಚ್ಚಿದ್ರೆ ಗಾಬರಿ ಬೀಳೋ ಬದಲು ಡಾಕ್ಟರ ಹತ್ತಿರ ಹೇಳಿ, ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಬಹುದು. ಆ ಶೀಶೆಯನ್ನೂ ಜೊತೆಗೆ ತಗೊಂಡು ಹೋಗಿ.

ನಿಮ್ಮ ಮನೇಲಿ ಕಾಡಿಗೆ ಹೇಗೆ ಮಾಡ್ತಾರೆ, ಯಾವ ಸೊಪ್ಪಿನ ರಸ ಹಾಕ್ತಾರೆ ಅಂತ ವಾಯ್ಸ್ ನೋಟ್ ಕಳಿಸಿ. ಕಲಬುರಗಿ ಕಡೆಯವರದ್ದೂ ಬೇಕು, ಕೊಡಗಿನವರದ್ದೂ ಬೇಕು. ಮುಂದಿನ ವಾರ ಸಿಗೋಣ.